ಸೆಕೆಯ ಊರಿನಲ್ಲಿ ಶೀತದ ಮಾತು

ನಮ್ಮ ಸಂಘದ ವಾರ್ಷಿಕ ಸಂಚಿಕೆಗೆ ಆರೋಗ್ಯದ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಈ ಬಾರಿ ಚಳಿಯನ್ನು ಕುರಿತು ಬರೆಯುತ್ತೇನೆಂದು ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, “ಏನು ಡಾಕ್ಟರೇ, ಪೆರುಂಗುಡಿಯಲ್ಲಿ ಕುಳಿತು ಚಳಿಯ ಮಾತೇ?” ಎಂದು ನಕ್ಕರು. ಅವರ ನಗು ನ್ಯಾಯವಾದದ್ದೇ. ವರ್ಷದ ಬಹುಭಾಗವನ್ನು ಬೆವರು ಒರೆಸಿಕೊಳ್ಳುವುದರಲ್ಲಿಯೂ, ಉಳಿದ ಭಾಗವನ್ನು ಪಳ್ಳಿಕರಣೈ ಜೌಗಿನ ನೀರು ಎಲ್ಲಿಯವರೆಗೆ ಬಂದೀತೆಂದು ನೋಡುವುದರಲ್ಲಿಯೂ ಕಳೆಯುವವರು ನಾವು. ಜನವರಿಯ ರಾತ್ರಿಗಳಲ್ಲಿಯೂ ಇಲ್ಲಿ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಊರಿನಿಂದ ತಂದ ಕಂಬಳಿ ನಮ್ಮಲ್ಲಿ ಬಹು ಮಂದಿಯ ಮನೆಗಳಲ್ಲಿ ಅಟ್ಟದ ಮೇಲೆ ನುಸಿಗುಳಿಗೆಯ ವಾಸನೆಯೊಡನೆ ನಿದ್ರಿಸುತ್ತಿದೆ.

ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಎರಡು ಕಾರಣಗಳುಂಟು. ಒಂದು, 2024ರ ಜೂನ್ ತಿಂಗಳಲ್ಲಿ ಹಿಮಾಲಯದಲ್ಲಿ ನಡೆದು ಕನ್ನಡ ನಾಡನ್ನೆಲ್ಲ ದುಃಖಕ್ಕೀಡುಮಾಡಿದ ಒಂದು ಸಂಗತಿ. ಇನ್ನೊಂದು, ಅದಕ್ಕೆ ಆರು ತಿಂಗಳ ಹಿಂದೆ ನನ್ನ ಮನೆಯಿಂದ ಎರಡು ಬೀದಿಗಳಾಚೆ, ಇದೇ ಪೆರುಂಗುಡಿಯಲ್ಲಿ, ನಾನು ಕಣ್ಣಾರೆ ಕಂಡದ್ದು.

ಮೊದಲನೆಯದನ್ನು ವಾಚಕರು ಮರೆತಿರಲಾರರು. ಉತ್ತರಾಖಂಡದ ಉತ್ತರಕಾಶಿ ಮತ್ತು ತೆಹ್ರಿ ಜಿಲ್ಲೆಗಳ ಗಡಿಯಲ್ಲಿ ಸಹಸ್ರತಾಲ ಎಂಬ ಎತ್ತರದ ಸರೋವರಗಳಿವೆ. ಸಮುದ್ರಮಟ್ಟದಿಂದ 4,000 ಮೀಟರಿಗೂ ಮೇಲಿನ ಆ ತಾಣಕ್ಕೆ 22 ಮಂದಿಯ ಒಂದು ಚಾರಣ ತಂಡ ಹೋಗಿತ್ತು. ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರು; ಸ್ಥಳೀಯ ಮಾರ್ಗದರ್ಶಕರೂ ಜೊತೆಗಿದ್ದರು. ಸರೋವರವನ್ನು ಕಂಡು ಶಿಬಿರಕ್ಕೆ ಹಿಂದಿರುಗುತ್ತಿದ್ದಾಗ ಹಿಮಗಾಳಿ ಬೀಸತೊಡಗಿತು. ಎದುರಿನ ದಾರಿ ಕಾಣದಾಯಿತು. ಗುಂಪು ಬಯಲಿನಲ್ಲಿಯೇ ರಾತ್ರಿಯನ್ನು ಕಳೆಯಬೇಕಾಯಿತು. ವಾಯುಪಡೆಯ ಹೆಲಿಕಾಪ್ಟರುಗಳೂ ರಾಜ್ಯದ ವಿಪತ್ತು ಪರಿಹಾರ ದಳದವರೂ ಸೇರಿ 13 ಮಂದಿಯನ್ನು ಉಳಿಸಿದರು. 9 ಮಂದಿ ಮರಳಿ ಬರಲಿಲ್ಲ. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತು, ಬದುಕಿದವರನ್ನೂ ತೀರಿಕೊಂಡವರ ದೇಹಗಳನ್ನೂ ಊರಿಗೆ ಕಳುಹಿಸುವ ಏರ್ಪಾಟು ನೋಡಿಕೊಂಡರು. ಮಡಿದವರು ಅನುಭವವಿಲ್ಲದ ಎಳೆಯರಾಗಿರಲಿಲ್ಲ. ನಡುವಯಸ್ಸಿನವರು, ಹಿರಿಯರು, ಮೊದಲೂ ಬೆಟ್ಟ ಹತ್ತಿದವರು ಅವರಲ್ಲಿದ್ದರು. ತಿಂಗಳಾದರೋ ಜೂನ್. ಅವರು ಯಾವ ಬಂಡೆಯಿಂದಲೂ ಉರುಳಲಿಲ್ಲ, ಯಾವ ಹಿಮಪಾತದ ಅಡಿಯಲ್ಲಿಯೂ ಹೂತುಹೋಗಲಿಲ್ಲ. ಅವರ ಮೈಯ ಬಿಸುಪು ಸೋರಿಹೋಯಿತು.

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹೈಪೋಥರ್ಮಿಯ ಎಂದು ಹೆಸರು. ಶರೀರದ ಒಳಗಿನ, ಅಂದರೆ ಹೃದಯ, ಯಕೃತ್ತು, ಮೆದುಳು ಇರುವ ಗರ್ಭಭಾಗದ ಉಷ್ಣತೆಯು 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇಳಿದ ಸ್ಥಿತಿಯೇ ಹೈಪೋಥರ್ಮಿಯ. ನಮ್ಮ ಸಹಜ ಉಷ್ಣತೆ 37ರ ಸುತ್ತಮುತ್ತ. ಅಪಾಯದ ಗೆರೆ ಅದರಿಂದ ಎರಡೇ ಡಿಗ್ರಿ ಕೆಳಗೆ. ಜ್ವರ ಎರಡು ಡಿಗ್ರಿ ಏರಿದರೆ ಮನೆಮಂದಿಯೆಲ್ಲ ಗಾಬರಿಯಾಗುವುದನ್ನು ಕಂಡಿದ್ದೇನೆ; ಎರಡು ಡಿಗ್ರಿ ಇಳಿದದ್ದನ್ನು ಗಮನಿಸಿದ ಮನೆಯನ್ನು ಕಂಡದ್ದು ಬಹಳ ವಿರಳ.

ಜಮಾಖರ್ಚಿನ ಲೆಕ್ಕ

ಶರೀರವು ಉಂಡ ಅನ್ನವನ್ನು ದಹಿಸಿ ಶಾಖವನ್ನು ಗಳಿಸುತ್ತದೆ. ಚರ್ಮದ ಮೂಲಕವೂ ಉಸಿರಿನ ಮೂಲಕವೂ ಅದನ್ನು ಖರ್ಚು ಮಾಡುತ್ತದೆ. ಗಳಿಕೆಗಿಂತ ಖರ್ಚು ಹೆಚ್ಚಾಗಿ, ಅದು ಗಂಟೆಗಟ್ಟಲೆ ಮುಂದುವರಿದರೆ, ಇಡುಗಂಟು ಕರಗುತ್ತದೆ. ಹೊರಗೆ ಹಿಮವೇ ಬೀಳುತ್ತಿರಬೇಕೆಂಬ ನಿಯಮವೇನೂ ಇಲ್ಲ. ಗಾಳಿ ಬೀಸಿದರೆ ಚರ್ಮಕ್ಕೆ ಅಂಟಿಕೊಂಡ ಬೆಚ್ಚಗಿನ ಗಾಳಿಯ ಪದರ ಹಾರಿಹೋಗುತ್ತದೆ. ಒದ್ದೆ ಬಟ್ಟೆಯ ನೀರು ಆವಿಯಾಗುವಾಗ ಮೈಯ ಶಾಖವನ್ನೇ ಹೀರಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ದರೋಡೆಕೋರ ನೀರು: ಅದು ಅದೇ ಉಷ್ಣತೆಯ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯಿಂದ ಶಾಖವನ್ನು ಒಯ್ಯುತ್ತದೆ. 25 ಡಿಗ್ರಿಯ ಗಾಳಿಯಲ್ಲಿ ನಾವು ಹಾಯಾಗಿ ಇರುತ್ತೇವೆ. 25 ಡಿಗ್ರಿಯ ನೀರಿನಲ್ಲಿ ನಾಲ್ಕು ಗಂಟೆ ನಿಂತವನ ಮಾತೇ ಬೇರೆ. ಈ ಒಂದು ಅಂಶವನ್ನು ಪೆರುಂಗುಡಿ, ವೇಳಚ್ಚೇರಿ, ಪಳ್ಳಿಕರಣೈ ಭಾಗದ ವಾಚಕರು ವಿಶೇಷವಾಗಿ ಮನಸ್ಸಿನಲ್ಲಿಡಬೇಕೆಂದು ಕೋರುತ್ತೇನೆ.

ಶರೀರವು ಸುಮ್ಮನೆ ಸೋಲುವುದಿಲ್ಲ. ಮೊದಲು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಬಿಸಿರಕ್ತವನ್ನು ಒಳಗೆ ಕೂಡಿಡುತ್ತದೆ. ಬೆರಳುಗಳು ತಣ್ಣಗಾಗಿ ಬಿಳಿಚಿಕೊಳ್ಳುವುದು ಅದರಿಂದಲೇ. ಆಮೇಲೆ ನಡುಕ. ನಡುಕವೆಂಬುದು ಸ್ನಾಯುಗಳು ಶಾಖ ಹುಟ್ಟಿಸುವುದಕ್ಕಾಗಿಯೇ ಮಾಡುವ ದುಡಿಮೆ. ಅದರಿಂದ ಶಾಖದ ಗಳಿಕೆ ಹಲವು ಪಟ್ಟು ಹೆಚ್ಚುತ್ತದೆ. ಆದಕಾರಣ ನಡುಗುವವನು ಇನ್ನೂ ಹೋರಾಡುತ್ತಿದ್ದಾನೆಂದು ತಿಳಿಯಬೇಕು. 35ರಿಂದ 32 ಡಿಗ್ರಿಯವರೆಗಿನದು ಸೌಮ್ಯ ಹಂತ. 32ರಿಂದ 28ರವರೆಗೆ ಮಧ್ಯಮ ಹಂತ. ಇಲ್ಲಿ ನಡುಕ ಕ್ರಮವಾಗಿ ಅಡಗಿ ನಿಂತುಹೋಗುತ್ತದೆ. 28ರ ಕೆಳಗೆ ತೀವ್ರ ಹಂತ; ಆಗ ಪ್ರಜ್ಞೆ ಇರದು, ನಾಡಿ ಕೈಗೆ ಸಿಕ್ಕುವುದು ಕಷ್ಟ, ಹೃದಯದ ಬಡಿತ ಯಾವ ಗಳಿಗೆಯಲ್ಲಾದರೂ ಕ್ರಮ ತಪ್ಪಬಹುದು.

ಆದರೆ ಅಂಕಿಗಳಿಗಿಂತ ಮುಖ್ಯವಾದ ಮಾತೊಂದುಂಟು. ಹೊಟ್ಟೆನೋವಿನವನು ಹೊಟ್ಟೆ ಹಿಡಿದುಕೊಂಡು ಬರುತ್ತಾನೆ. ಎದೆನೋವಿನವನು ತಾನೇ ವೈದ್ಯರನ್ನು ಕರೆಯೆನ್ನುತ್ತಾನೆ. ಮೈ ತಣ್ಣಗಾಗುತ್ತಿರುವವನು ಹಾಗೆ ಹೇಳುವುದಿಲ್ಲ, ಏಕೆಂದರೆ ಚಳಿಯು ಮೊದಲು ಮುಟ್ಟುವ ಅಂಗಗಳಲ್ಲಿ ಮೆದುಳೂ ಒಂದು. ಮಾತು ತೊದಲುತ್ತದೆ, ಗುಂಡಿ ಹಾಕಲು ಬೆರಳು ಒಪ್ಪುವುದಿಲ್ಲ, ಹೆಜ್ಜೆ ತಪ್ಪುತ್ತದೆ, ಸೌಮ್ಯ ಸ್ವಭಾವದವರು ಸಿಡುಕುತ್ತಾರೆ, ಮಾತುಗಾರರು ಮೌನವಾಗುತ್ತಾರೆ. ಕೇಳಿದರೆ “ನನಗೇನೂ ಆಗಿಲ್ಲ, ಸ್ವಲ್ಪ ಮಲಗುತ್ತೇನೆ” ಎನ್ನುತ್ತಾರೆ. ಇನ್ನೂ ಕೆಳಗಿಳಿದಾಗ ಕೆಲವರಲ್ಲಿ ಒಂದು ವಿಚಿತ್ರ ಕಂಡುಬರುತ್ತದೆ. ಇಷ್ಟು ಹೊತ್ತು ಮುಚ್ಚಿಕೊಂಡಿದ್ದ ಚರ್ಮದ ರಕ್ತನಾಳಗಳು ಸೋತು ತೆರೆದುಕೊಂಡು, ಮೈಯೆಲ್ಲ ಉರಿಯುತ್ತಿದೆಯೆಂಬ ಭ್ರಮೆ ಹುಟ್ಟಿ, ಹಿಮದ ನಡುವೆಯೇ ಬಟ್ಟೆಗಳನ್ನು ಕಳಚತೊಡಗುತ್ತಾರೆ. ಪರ್ವತಗಳಲ್ಲಿ ಹೀಗೆ ಬಟ್ಟೆ ಕಳಚಿದ ಸ್ಥಿತಿಯಲ್ಲಿ ದೇಹಗಳು ದೊರೆತಾಗ ಜನ ಬೇರೇನೋ ಶಂಕಿಸುವುದುಂಟು. ಅದು ರೋಗದ ಲಕ್ಷಣವೇ ಹೊರತು ಮತ್ತೇನಲ್ಲ. ಹೀಗಾಗಿ ಈ ರೋಗವನ್ನು ಗುರುತಿಸತಕ್ಕವನು ರೋಗಿಯಲ್ಲ, ಪಕ್ಕದಲ್ಲಿರುವವನು.

ಮಾಸ್ತರ ಮನೆಯ ರಾತ್ರಿ

2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತವು ಚೆನ್ನೈಯ ಕರಾವಳಿಯ ಪಕ್ಕದಲ್ಲಿ ಸಾಗುತ್ತ ಸುರಿಸಿದ ಮಳೆಯನ್ನು ಇಲ್ಲಿಯವರಿಗೆ ನಾನು ವರ್ಣಿಸಬೇಕಾಗಿಲ್ಲ. ವಿದ್ಯುತ್ತು ಹೋಯಿತು, ದೂರವಾಣಿ ಮೌನವಾಯಿತು. 2015ರ ಡಿಸೆಂಬರಿನ ಪ್ರವಾಹವನ್ನು ಕಂಡಿದ್ದವರು ಕೂಡ ಎರಡನೆಯ ಸಲ ಮೆಟ್ಟಿಲ ಮೇಲೆ ಕುಳಿತು ನೀರಿನ ಮಟ್ಟವನ್ನು ಎಣಿಸಿದರು.

ನಮ್ಮ ಸಂಘದ ಸದಸ್ಯರೊಬ್ಬರ ಮನೆ ನೆಲ ಅಂತಸ್ತಿನಲ್ಲಿತ್ತು. ಅವರ ತಂದೆ ಶಿರಸಿಯ ಕಡೆಯವರು. ನಿವೃತ್ತ ಶಾಲಾ ಮಾಸ್ತರು, 78 ವರ್ಷ. ಮಗನ ಮನೆಗೆಂದು ದೀಪಾವಳಿಗೆ ಬಂದವರು. ಮಗ ಕೆಲಸದ ನಿಮಿತ್ತ ಹೈದರಾಬಾದಿಗೆ ಹೋಗಿ ಅಲ್ಲಿಯೇ ಸಿಕ್ಕಿಕೊಂಡಿದ್ದರು. ಬೆಳಗಿನಿಂದ ಮನೆಯೊಳಗೆ ನೀರು ಏರತೊಡಗಿದಾಗ ಸೊಸೆ ಇಬ್ಬರು ಮಕ್ಕಳನ್ನು ಮೇಲಿನ ಮನೆಗೆ ಸೇರಿಸಿ ಬಂದರು. ಮಾಸ್ತರು ಮಾತ್ರ ತಾನು ಬರುವುದಿಲ್ಲವೆಂದು, ಮೊಣಕಾಲಿನ ಮೇಲಿನ ನೀರಿನಲ್ಲಿ ನಿಂತುಕೊಂಡು ಮಗನ ಪುಸ್ತಕಗಳನ್ನೂ ಅಕ್ಕಿಯ ಡಬ್ಬವನ್ನೂ ಒಂದೊಂದಾಗಿ ಮೇಲಿನ ಹಲಗೆಗೆ ಸಾಗಿಸುತ್ತ ಮಧ್ಯಾಹ್ನದವರೆಗೆ ದುಡಿದರು. ಹತ್ತಿಯ ಪಂಚೆ, ಹತ್ತಿಯ ಬನಿಯನ್ನು, ಎರಡೂ ತೊಯ್ದು ಮೈಗಂಟಿದ್ದವು. ಮುರಿದ ಕಿಟಕಿಯಿಂದ ಗಾಳಿ. ಬೆಳಗಿನ ಒಂದು ಲೋಟ ಚಹಾದ ಹೊರತು ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕೊನೆಗೆ ಮೇಲೆ ಬಂದು ಅದೇ ಒದ್ದೆ ಬಟ್ಟೆಯಲ್ಲಿ ಗೋಡೆಗೊರಗಿ ಕುಳಿತರಂತೆ.

ಸಂಜೆಯ ಹೊತ್ತಿಗೆ ಆ ತಾಯಿ ನೀರಿನಲ್ಲಿ ದಾರಿ ಮಾಡಿಕೊಂಡು ನಮ್ಮ ಮನೆಗೆ ಬಂದದ್ದು ಮಗುವಿನ ಜ್ವರಕ್ಕೆ ಔಷಧಿ ಕೇಳಲು. ಮಾತಿನ ನಡುವೆ, “ಮಾವ ಮಧ್ಯಾಹ್ನ ತುಂಬಾ ನಡುಗುತ್ತ ಇದ್ದರು ಡಾಕ್ಟರೇ, ಈಗ ನಡುಕ ನಿಂತಿದೆ, ಮಲಗಿದ್ದಾರೆ, ಪರವಾಗಿಲ್ಲ” ಎಂದರು. ಮಾವನವರು ಊಟ ಮಾಡಿದರೇ ಎಂದು ಕೇಳಿದೆ. “ಬೇಡ ಅಂದರು. ಮಾತು ಸ್ವಲ್ಪ ತೊದಲುತ್ತ ಇದೆ, ದಣಿವು ಇರಬೇಕು. ನನ್ನನ್ನು ಅತ್ತೆಯ ಹೆಸರಿಂದ ಕರೆದರು.” ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು.

ಮಗುವಿನ ಔಷಧಿಯನ್ನು ಅವರ ಕೈಗಿತ್ತು ನಾನೂ ಜೊತೆಗೇ ಹೊರಟೆ. ಮಾಸ್ತರ ಹೊಟ್ಟೆಯ ಮೇಲೆ ಅಂಗೈಯ ಹಿಂಭಾಗವನ್ನಿಟ್ಟು ನೋಡಿದೆ, ಕಲ್ಲಿನಂತೆ ತಣ್ಣಗಿತ್ತು. ಕೈಕಾಲು ತಣ್ಣಗಿರುವುದು ಸಾಮಾನ್ಯ. ಬಟ್ಟೆಯ ಒಳಗಿನ ಹೊಟ್ಟೆ ತಣ್ಣಗಿರಬಾರದು. ನಾಡಿ ನಿಮಿಷಕ್ಕೆ 44. ಮನೆಯಲ್ಲಿದ್ದ ಅಂಕಿ ತೋರಿಸುವ ಥರ್ಮಾಮೀಟರನ್ನು ಬಾಯಲ್ಲಿಟ್ಟರೆ ಅದು ಅಂಕಿಯನ್ನೇ ತೋರಿಸದೆ ‘ಲೋ’ ಎಂದಷ್ಟೇ ಬರೆಯಿತು. ಸೊಸೆ ಅದು ಕೆಟ್ಟಿದೆಯೆಂದು ತಿಳಿದು ಪಕ್ಕಕ್ಕಿಟ್ಟಿದ್ದರಂತೆ. ವಾಚಕರು ಇದನ್ನು ಗಮನಿಸಬೇಕು. ನಮ್ಮ ಮನೆಗಳಲ್ಲಿ ಇರುವುದು ಜ್ವರವನ್ನು ಅಳೆಯುವ ಉಪಕರಣ. ಹಳೆಯ ಪಾದರಸದ ಕೊಳವೆಯ ಗೆರೆಗಳು ಶುರುವಾಗುವುದೇ 35 ಡಿಗ್ರಿ ಅಥವಾ 94 ಫಾರನ್‌ಹೀಟಿನಿಂದ. ಹೈಪೋಥರ್ಮಿಯ ಆರಂಭವಾಗುವ ಕಡೆಯಲ್ಲಿ ಅದರ ಗೆರೆಗಳು ಮುಗಿದುಹೋಗಿರುತ್ತವೆ. ಪಾದರಸ ಮೇಲೇರದಿದ್ದರೆ ‘ಜ್ವರವಿಲ್ಲ’ ಎಂದು ನೆಮ್ಮದಿಯಿಂದ ಅದನ್ನು ಪೆಟ್ಟಿಗೆಗೆ ಸೇರಿಸುತ್ತೇವೆ.

ಆ ರಾತ್ರಿ ಮಾಡಿದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಪ್ರಥಮ ಚಿಕಿತ್ಸೆಯೆಂದರೆ ಬಹುಮಟ್ಟಿಗೆ ಅಷ್ಟೇ. ಅವರನ್ನು ಎಬ್ಬಿಸಿ ಕೂಡಿಸಲಿಲ್ಲ, ನಡೆಸಲಿಲ್ಲ. ಮಲಗಿದಲ್ಲಿಯೇ ಒದ್ದೆ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದೆವು. ತಣ್ಣಗಾದ ಹೃದಯ ಬಹು ಸೂಕ್ಷ್ಮ. ಎಳೆದಾಡಿದರೆ, ಥಟ್ಟನೆ ಎತ್ತಿ ನಿಲ್ಲಿಸಿದರೆ ಅದು ಲಯ ತಪ್ಪಿ ನಿಂತುಹೋಗಬಹುದು. ಒಣ ಪಂಚೆಯಿಂದ ಮೈಯನ್ನು ಒತ್ತಿ ಒಣಗಿಸಿದೆವು, ಉಜ್ಜಲಿಲ್ಲ. ನೆಲದಿಂದಲೂ ಶಾಖ ಸೋರುವುದರಿಂದ ಕೆಳಗೆ ಎರಡು ಹಾಸಿಗೆ, ಮೇಲೆ ಮೇಲಿನ ಮನೆಯವರ ಕೌದಿ, ತಲೆಗೆ ಉಣ್ಣೆಯ ಶಾಲು. ಗ್ಯಾಸ್ ಒಲೆ ಉರಿಯುತ್ತಿದ್ದದ್ದು ಪುಣ್ಯ. ನೀರನ್ನು ಕೈ ತಾಳುವಷ್ಟು ಬಿಸಿ ಮಾಡಿ ಮೂರು ಸೀಸೆಗಳಿಗೆ ತುಂಬಿ, ಟವಲಿನಲ್ಲಿ ಸುತ್ತಿ, ಎರಡು ಕಂಕುಳಲ್ಲಿ ಒಂದೊಂದು, ಎದೆಯ ಮೇಲೆ ಒಂದು ಇಟ್ಟೆವು. ಬಟ್ಟೆ ಸುತ್ತದೆ ಇಡಬಾರದು; ತಣ್ಣಗಾದ ಚರ್ಮಕ್ಕೆ ಸುಡುವುದು ತಿಳಿಯದು, ಬೊಬ್ಬೆ ಏಳುತ್ತದೆ. ಕೈಕಾಲುಗಳಿಗೆ ಬೇಕೆಂದೇ ಏನನ್ನೂ ಇಡಲಿಲ್ಲ.

ಅಲ್ಲಿ ನೆರೆದಿದ್ದ ಹಿತೈಷಿಗಳ ಸಲಹೆಗಳು ಒಂದೆರಡಲ್ಲ. ಒಬ್ಬರು ಪಾದಗಳನ್ನು ಬಿಸಿನೀರಿನಲ್ಲಿಡಿ ಎಂದರು. ಇನ್ನೊಬ್ಬರು ನೀಲಗಿರಿ ಎಣ್ಣೆ ಹಚ್ಚಿ ಅಂಗಾಲು ತಿಕ್ಕಿ ಎಂದರು. ಮತ್ತೊಬ್ಬರು ಮೆಲ್ಲನೆ ನನ್ನ ಕಿವಿಯಲ್ಲಿ, ತಮ್ಮ ಕಪಾಟಿನಲ್ಲಿ ಒಳ್ಳೆಯ ಬ್ರಾಂದಿ ಇದೆಯೆಂದರು. ಮೂರೂ ಅಪಾಯಕರ. ಕೈಕಾಲುಗಳನ್ನು ಮೊದಲು ಬಿಸಿ ಮಾಡಿದರೆ ಅಲ್ಲಿ ನಿಂತಿದ್ದ ತಣ್ಣನೆಯ ರಕ್ತವೆಲ್ಲ ಒಮ್ಮೆಲೇ ಹೃದಯಕ್ಕೆ ನುಗ್ಗಿ, ರಕ್ತದ ಒತ್ತಡ ಕುಸಿದು, ಒಳಗಿನ ಉಷ್ಣತೆ ಇನ್ನಷ್ಟು ಇಳಿಯುತ್ತದೆ. ತಿಕ್ಕುವುದರಿಂದಲೂ ಅದೇ ಗತಿ. ಮದ್ಯವು ಚರ್ಮದ ರಕ್ತನಾಳಗಳನ್ನು ತೆರೆದು ‘ಬೆಚ್ಚಗಾಯಿತು’ ಎಂಬ ಭ್ರಮೆ ಕೊಡುತ್ತದೆ. ನಿಜಕ್ಕೂ ಅದು ಉಳಿದ ಶಾಖವನ್ನೂ ಹೊರಗೆ ಚೆಲ್ಲುತ್ತದೆ, ನಡುಕವನ್ನೂ ಅಡಗಿಸುತ್ತದೆ. ಪೂರ್ಣ ಎಚ್ಚರವಿದ್ದು ನುಂಗಬಲ್ಲವರಿಗೆ ಮಾತ್ರ ಬೆಚ್ಚಗಿನ, ಚೆನ್ನಾಗಿ ಸಕ್ಕರೆ ಬೆರೆಸಿದ ಹಾಲನ್ನೋ ಕಷಾಯವನ್ನೋ ಕೊಡಬಹುದು. ಮಾಸ್ತರು ಆ ಸ್ಥಿತಿಯಲ್ಲಿರಲಿಲ್ಲ. ಬಾಯಿಗೆ ಏನನ್ನೂ ಹಾಕಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ಪದ್ಧತಿಯನ್ನೂ ಇಲ್ಲಿಯೇ ಖಂಡಿಸಿಬಿಡುತ್ತೇನೆ: ಇದ್ದಿಲಿನಿಂದ ಹೊರಡುವ ವಾಸನೆಯಿಲ್ಲದ ವಿಷಾನಿಲ ಮಲಗಿದವರನ್ನು ಮಲಗಿದಲ್ಲಿಯೇ ಕೊಂದ ಉದಾಹರಣೆಗಳು ಚಳಿಯ ಊರುಗಳಿಂದ ಪ್ರತಿವರ್ಷ ಬರುತ್ತವೆ.

ರಾತ್ರಿ ಹತ್ತರ ಸುಮಾರಿಗೆ ಪಕ್ಕದ ಬೀದಿಯ ಹುಡುಗರು, ತಮಿಳರೇ ಎಲ್ಲ, ಒಂದು ಬಾಗಿಲ ಹಲಗೆಯನ್ನು ಬಿಚ್ಚಿ ತಂದು, ಮಾಸ್ತರನ್ನು ಅದರ ಮೇಲೆ ಸಮತಟ್ಟಾಗಿ ಮಲಗಿಸಿ, ಹೆಗಲ ಮೇಲೆ ಹೊತ್ತು ನೀರು ದಾಟಿಸಿದರು. ಅಲ್ಲಿಂದ ಒಂದು ಟ್ರಾಕ್ಟರ್, ಮುಂದೆ ಆಂಬುಲೆನ್ಸ್. ಆಸ್ಪತ್ರೆಯಲ್ಲಿ ಕೆಳಮಟ್ಟದ ಉಷ್ಣತೆಯನ್ನೂ ಅಳೆಯಬಲ್ಲ ಉಪಕರಣದಿಂದ ನೋಡಿದಾಗ 31.6 ಡಿಗ್ರಿ ಇತ್ತು. ಬೆಚ್ಚಗೆ ಮಾಡಿದ ಲವಣದ್ರವ, ಬೆಚ್ಚಗಿನ ಆಮ್ಲಜನಕ, ಬಿಸಿಗಾಳಿ ತುಂಬುವ ಹೊದಿಕೆ, ಇವುಗಳಿಂದ ಮೆಲ್ಲಮೆಲ್ಲನೆ ಮೇಲೆತ್ತಿದರು. ರಕ್ತಪರೀಕ್ಷೆಯಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು. ಮಾಸ್ತರಿಗೆ ಥೈರಾಯಿಡ್ ಗ್ರಂಥಿಯ ಕೊರತೆಯಿತ್ತು. ಗುಳಿಗೆಯನ್ನು ಶಿರಸಿಯಲ್ಲಿಯೇ ಮರೆತು ಬಂದು, ಮಗನಿಗೆ ಖರ್ಚಾಗಬಾರದೆಂದು ಸುಮ್ಮನಿದ್ದರು. ಥೈರಾಯಿಡ್ ದ್ರವ ಕಡಿಮೆಯಾದರೆ ಶರೀರದ ಒಲೆಯೇ ಮಂದವಾಗುತ್ತದೆ. ಆರು ದಿನಗಳ ಮೇಲೆ ಅವರು ಮನೆಗೆ ಮರಳಿದರು.

ಮರಳಿ ಬೆಚ್ಚಗಾಗುವ ಹಾದಿ

ಹಲಗೆಯ ಮೇಲೆ ಮಾಸ್ತರನ್ನು ಸಾಗಿಸುತ್ತಿದ್ದಾಗ ನನ್ನ ಮನಸ್ಸಿನಲ್ಲಿ ಸುಳಿದದ್ದು ಇನ್ನೊಬ್ಬ ಕನ್ನಡಿಗನ ಹೆಸರು. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಮದರಾಸಿನ ಹೆಸರನ್ನೇ ಹೊತ್ತ ಮದರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿಗೆ ಸೇರಿದ ಯೋಧ. 2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ, 19,000 ಅಡಿಗೂ ಮೇಲಿನ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಹೂತುಹೋದರು. ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಹೆಗ್ಗಡದೇವನಕೋಟೆಯ ಸಿಪಾಯಿ ಮಹೇಶ ಅವರೂ ಆ ಹತ್ತರಲ್ಲಿದ್ದರು. ತಮಿಳುನಾಡಿನ ವೇಲೂರು, ತೇನಿ, ಮಧುರೆ, ಕೃಷ್ಣಗಿರಿಯ ಮಕ್ಕಳೂ ಇದ್ದರು. ಫೆಬ್ರುವರಿ 8ರಂದು, ಸುಮಾರು 25 ಅಡಿ ಹಿಮದ ಕೆಳಗೆ, ಹನುಮಂತಪ್ಪ ಜೀವಂತವಾಗಿ ದೊರೆತಾಗ ದೇಶವೇ ಬೆರಗಾಯಿತು. ಹಿಮವು ಒಂದೆಡೆ ಕೊಲ್ಲುವಂತೆಯೇ ಇನ್ನೊಂದೆಡೆ ಹೊರಗಿನ ಗಾಳಿಯನ್ನು ತಡೆಯುವ ಹೊದಿಕೆಯೂ ಆಗಬಲ್ಲದೆಂಬುದು ಅಲ್ಲಿ ಕಂಡಿತು.

ಅವರನ್ನು ದೆಹಲಿಯ ಸೈನಿಕ ಆಸ್ಪತ್ರೆಗೆ ಸಾಗಿಸಿದ ದಿನ ವೈದ್ಯರು ಹೊರಡಿಸಿದ ಪ್ರಕಟಣೆಯಲ್ಲಿ ಒಂದು ಎಚ್ಚರಿಕೆಯಿತ್ತು: ಮೈ ಮರಳಿ ಬೆಚ್ಚಗಾಗುತ್ತ, ತಣ್ಣಗಿದ್ದ ಭಾಗಗಳಿಗೆ ರಕ್ತ ಹರಿಯತೊಡಗಿದಂತೆ, ಮುಂದಿನ ಒಂದೆರಡು ದಿನಗಳು ಬಹಳ ಕಠಿಣವಾಗುತ್ತವೆ ಎಂದು. ಯಕೃತ್ತು, ಮೂತ್ರಪಿಂಡಗಳು ಆಗಲೇ ಸೋತಿದ್ದವು, ನ್ಯುಮೋನಿಯ ಹಿಡಿದಿತ್ತು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಸಿಕ್ಕಿದ ಮೇಲೂ ಏಕೆ ಉಳಿಯಲಿಲ್ಲವೆಂದು ಆಗ ಅನೇಕರು ನನ್ನನ್ನು ಕೇಳಿದರು. ಕೊಚ್ಚೆಯಲ್ಲಿ ನಿಂತ ನೀರು ಕಾಲುವೆ ತೆರೆದೊಡನೆ ಹರಿಯುವಂತೆ, ದಿನಗಟ್ಟಲೆ ರಕ್ತವಿಲ್ಲದೆ ಉಳಿದ ಜೀವಕೋಶಗಳಲ್ಲಿ ಕೂಡಿದ ಆಮ್ಲಗಳೂ ಲವಣಗಳೂ ರಕ್ತ ಹರಿದೊಡನೆ ಹೃದಯದ ಕಡೆಗೆ ಬರುತ್ತವೆ. ಬೆಚ್ಚಗೆ ಮಾಡುವುದು ಕೂಡ ಒಂದು ಚಿಕಿತ್ಸೆ. ಎಲ್ಲ ಚಿಕಿತ್ಸೆಗಳಂತೆ ಅದಕ್ಕೂ ತನ್ನದೇ ಆದ ಪ್ರಮಾಣ ಮತ್ತು ಅಪಾಯ ಉಂಟು.

ಆದರೆ ನಿರಾಶರಾಗುವಂತಿಲ್ಲ. 1999ರ ಮೇ 20ರಂದು ನಾರ್ವೆಯಲ್ಲಿ ಅನ್ನಾ ಬೋಗೆನ್‌ಹೋಮ್ ಎಂಬ ತರುಣ ವೈದ್ಯೆ ಹಿಮದ ಮೇಲೆ ಜಾರುವಾಗ ಹೆಪ್ಪುಗಟ್ಟಿದ ತೊರೆಯೊಳಗೆ ಬಿದ್ದು 80 ನಿಮಿಷ ಸಿಕ್ಕಿಕೊಂಡರು. ಹೊರತೆಗೆದಾಗ ಉಸಿರಿಲ್ಲ, ನಾಡಿಯಿಲ್ಲ. ಒಳಗಿನ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು. ಜೊತೆಗಾರರೂ ವೈದ್ಯರೂ ಎದೆಯನ್ನು ಒತ್ತುವುದನ್ನು ಬಿಡಲಿಲ್ಲ. ತ್ರೋಮ್ಸೋ ನಗರದ ಆಸ್ಪತ್ರೆಯಲ್ಲಿ ರಕ್ತವನ್ನು ಯಂತ್ರದ ಮೂಲಕ ಹೊರಗೆ ಹಾಯಿಸಿ ಬಿಸಿ ಮಾಡಿ ಮರಳಿಸಿದರು. ಆಕೆ ಬದುಕಿ, ಮುಂದೆ ಅದೇ ಆಸ್ಪತ್ರೆಯಲ್ಲಿ ವೈದ್ಯೆಯಾಗಿ ಕೆಲಸ ಮಾಡಿದರು. ತಂಪಾದ ಮೆದುಳಿಗೆ ಆಮ್ಲಜನಕ ಬೇಕಾಗುವುದು ಬಹಳ ಕಡಿಮೆ. ಆದ್ದರಿಂದ ಅದು ಕಾಯಬಲ್ಲದು. ಈ ಕಾರಣದಿಂದಲೇ, ಚಳಿಗೆ ಸಿಕ್ಕಿ ನಿಶ್ಚೇಷ್ಟನಾದವನನ್ನು ಬೆಚ್ಚಗೆ ಮಾಡಿ ನೋಡುವವರೆಗೆ ಸತ್ತನೆಂದು ಸಾರಬಾರದೆಂಬ ನಿಯಮ ವೈದ್ಯರಲ್ಲಿ ರೂಢಿಗೆ ಬಂದಿದೆ. ಸಾಮಾನ್ಯರು ಮಾಡತಕ್ಕದ್ದೇನೆಂದರೆ, ಉಸಿರು ಮತ್ತು ನಾಡಿಯನ್ನು ಹತ್ತು ಸೆಕೆಂಡು ನೋಡಿ ಕೈಬಿಡದೆ ಪೂರ್ತಿ ಒಂದು ನಿಮಿಷ ನೋಡಬೇಕು; ಎರಡೂ ಇಲ್ಲದಿದ್ದರೆ ಎದೆ ಒತ್ತಲು ತೊಡಗಿ, ಆಸ್ಪತ್ರೆ ಮುಟ್ಟುವವರೆಗೆ ನಿಲ್ಲಿಸಬಾರದು.

ಮನೆಯೊಳಗಿನ ಚಳಿ

ಪ್ರವಾಹ ಪ್ರತಿವರ್ಷ ಬಾರದು. ಹಿಮಾಲಯಕ್ಕೆ ಎಲ್ಲರೂ ಹೋಗರು. ಆದರೆ ರಾಜೀವಗಾಂಧಿ ಸಾಲೆಯ ಎರಡೂ ಬದಿಯ ಬಹುಮಹಡಿ ಮನೆಗಳಲ್ಲಿ ಹವಾನಿಯಂತ್ರಣ ಯಂತ್ರವಿಲ್ಲದ ಕೋಣೆ ಈಗ ಅಪರೂಪ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯ ನಿಯಮದಂತೆ 2020ರ ಜನವರಿಯಿಂದ ಹೊಸ ಯಂತ್ರಗಳು ಚಾಲೂ ಆದೊಡನೆ 24 ಡಿಗ್ರಿಗೆ ನಿಲ್ಲುವಂತೆ ತಯಾರಾಗುತ್ತವೆ. ಆದರೆ ಗುಂಡಿ ನಮ್ಮ ಕೈಯಲ್ಲಿಯೇ ಇದೆ. 18ಕ್ಕೆ ಇಳಿಸಿ ರಜಾಯಿ ಹೊದ್ದು ಮಲಗುವ ಚೋದ್ಯವನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಆರೋಗ್ಯವಂತನಿಗೆ ಅದರಿಂದ ನಷ್ಟವಾಗುವುದು ವಿದ್ಯುತ್ ಬಿಲ್ಲಿನಲ್ಲಿ ಮಾತ್ರ. ಎರಡು ವರ್ಗದವರಿಗೆ ಹಾಗಲ್ಲ.

ಒಂದು, ಊರಿನಿಂದ ಬಂದ ನಮ್ಮ ತಂದೆತಾಯಿಗಳು. ವಯಸ್ಸಾದಂತೆ ಚಳಿಯ ಅರಿವು ಮಂದವಾಗುತ್ತದೆ, ನಡುಕ ದುರ್ಬಲವಾಗುತ್ತದೆ, ಮಾಂಸಖಂಡ ಕರಗಿ ಶಾಖದ ಗಳಿಕೆಯೇ ಕಡಿಮೆಯಾಗುತ್ತದೆ. ಮಧುಮೇಹ, ಥೈರಾಯಿಡ್ ಕೊರತೆ, ನಿದ್ರೆಯ ಗುಳಿಗೆ ಇದ್ದರೆ ಇನ್ನಷ್ಟು. ರಾತ್ರಿ ಬಚ್ಚಲಿನ ಒದ್ದೆ ನೆಲದ ಮೇಲೆ ಜಾರಿಬಿದ್ದು, ಮೂಳೆ ಮುರಿದು ಏಳಲಾರದೆ, ಬೆಳಗಿನವರೆಗೆ ಹಾಗೆಯೇ ಬಿದ್ದಿದ್ದ ವೃದ್ಧರ ಮೈಯನ್ನು ಮುಟ್ಟಿ ನೋಡಿದಾಗ ನಾನು ಮುರಿದ ಮೂಳೆಗಿಂತ ಮೊದಲು ಚಳಿಗೆ ಚಿಕಿತ್ಸೆ ಮಾಡಿದ್ದುಂಟು. ‘ಏಸಿ ಕಡಿಮೆ ಮಾಡು’ ಎಂದು ಮಗನಿಗೆ ಹೇಳಲು ಸಂಕೋಚಪಡುವ ತಾಯಂದಿರು ನಮ್ಮಲ್ಲಿ ಬಹಳ. ಯಂತ್ರದ ಕೈಗುಂಡಿಯನ್ನು ಅವರ ತಲೆದಿಂಬಿನ ಪಕ್ಕದಲ್ಲಿಟ್ಟು, ಹೇಗೆ ಒತ್ತಬೇಕೆಂದು ಕಲಿಸಿಕೊಡುವುದು ಒಳ್ಳೆಯದು.

ಎರಡು, ಈಗ ತಾನೇ ಹುಟ್ಟಿದ ಕೂಸು. ಎಳೆಗೂಸಿಗೆ ನಡುಗಲು ಬಾರದು; ಮೈಯ ತೂಕಕ್ಕೆ ಹೋಲಿಸಿದರೆ ಚರ್ಮ ಬಹಳ; ಹುಟ್ಟಿದ ಗಳಿಗೆಯಲ್ಲಿ ಮೈಯೆಲ್ಲ ಒದ್ದೆ. ಅದರ ಸಹಜ ಉಷ್ಣತೆ 36.5ರಿಂದ 37.5, 36.5ಕ್ಕಿಂತ ಇಳಿದರೇ ಎಚ್ಚರ ವಹಿಸಬೇಕು. ಪರೀಕ್ಷೆಗೆ ಥರ್ಮಾಮೀಟರೂ ಬೇಕಿಲ್ಲ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸಿಗೆ ಚಳಿಯಾಗುತ್ತಿದೆಯೆಂದು ಅರ್ಥ. ಹೊಟ್ಟೆಯೂ ತಣ್ಣಗಿದ್ದರೆ, ಹಾಲು ಹೀರದೆ ಮಂಕಾಗಿದ್ದರೆ, ಆ ಕ್ಷಣವೇ ಆಸ್ಪತ್ರೆಗೆ. ಹುಟ್ಟಿದೊಡನೆ ಸ್ನಾನ ಮಾಡಿಸುವ ಪದ್ಧತಿಯನ್ನು ಬಿಡಬೇಕು. ಕನಿಷ್ಠ 24 ಗಂಟೆ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಅಜ್ಜಿಯಂದಿರ ಎಲ್ಲ ರೂಢಿಗಳನ್ನೂ ನಾನು ಸಮರ್ಥಿಸಲಾರೆ, ಬಾಣಂತಿಯ ಕೋಣೆಯ ಹೊಗೆಯನ್ನಂತೂ ಅಲ್ಲವೇ ಅಲ್ಲ. ಆದರೆ ಕುಲಾವಿಯ ವಿಷಯದಲ್ಲಿ ಅವರಿಗೆ ನಮಸ್ಕಾರ. ಕೂಸಿನ ಮೈಯಲ್ಲಿ ತಲೆಯ ಪಾಲು ದೊಡ್ಡದು. ಅದನ್ನು ಮುಚ್ಚಿದರೆ ಶಾಖ ಬಹಳಷ್ಟು ಉಳಿಯುತ್ತದೆ.

ಕಡಿಮೆ ತೂಕದ ಕೂಸುಗಳಿಗೆ ತಾಯಿಯ ಎದೆಗಿಂತ ಉತ್ತಮವಾದ ಪೆಟ್ಟಿಗೆಯಿಲ್ಲ. 1978ರಲ್ಲಿ ಕೊಲಂಬಿಯ ದೇಶದ ಬೊಗೋಟಾ ನಗರದಲ್ಲಿ, ಶಾಖಪೆಟ್ಟಿಗೆಗಳ ಅಭಾವದಿಂದ ಬೇಸತ್ತ ವೈದ್ಯರು ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಕಟ್ಟಿ, ಮೇಲೆ ಹೊದಿಸುವ ಪದ್ಧತಿಯನ್ನು ಆರಂಭಿಸಿದರು. ಕಾಂಗರೂ ಪದ್ಧತಿಯೆಂದು ಹೆಸರಾದ ಇದನ್ನು ನಮ್ಮ ಕೊಪ್ಪಳ ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಜಾರಿಗೆ ತಂದು ನೋಡಲಾಗಿದೆ. ತಂದೆಯೂ ಇದನ್ನು ಮಾಡಬಹುದು; ರಾತ್ರಿಪಾಳಿಯ ತಂದೆಯಂದಿರು ನೆಪ ಹೇಳಬಾರದು.

ಯಾತ್ರೆಗೆ ಹೊರಡುವವರಿಗೆ

ನಮ್ಮ ಸಂಘದಿಂದಲೇ ಕೇದಾರ, ಬದರಿಗೆ ಹೋಗಿಬರುವವರು ಈಗ ಅನೇಕ. ಕೇದಾರನಾಥ 3,583 ಮೀಟರ್ ಎತ್ತರದಲ್ಲಿದೆ. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಸಮುದ್ರದ ದಂಡೆಯಿಂದ ಹೊರಟವನು ಹತ್ತುವ ದಾರಿಯಲ್ಲಿಯೇ 20 ಡಿಗ್ರಿಗೂ ಹೆಚ್ಚು ಕಳೆದುಕೊಳ್ಳುತ್ತಾನೆ. ಹತ್ತುವಾಗ ಬೆವರುತ್ತಾನೆ, ಬನಿಯನ್ನು ಒದ್ದೆಯಾಗುತ್ತದೆ, ಮೇಲೆ ನಿಂತೊಡನೆ ಗಾಳಿ ಬೀಸುತ್ತದೆ.

ಹತ್ತಿಯ ಬಟ್ಟೆ ಒದ್ದೆಯಾದರೆ ಬಟ್ಟೆಯಲ್ಲ, ತಣ್ಣೀರಿನ ಪಟ್ಟಿ. ಉಣ್ಣೆ ಒದ್ದೆಯಾದರೂ ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಬಿಸುಪನ್ನು ಬಹುಮಟ್ಟಿಗೆ ಕಾಯುತ್ತದೆ. ಮಲೆನಾಡಿನ ಗದ್ದೆಯಲ್ಲಿ ಆಷಾಢದ ಮಳೆಗೆ ದಿನವಿಡೀ ಬಾಗಿ ನಾಟಿ ಮಾಡುವವರು ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿದ್ದುದು ಶೋಕಿಗಲ್ಲ. ಆದ್ದರಿಂದ ಬೆವರನ್ನು ಹೀರಿ ಬೇಗ ಒಣಗುವ ಒಳಬಟ್ಟೆ, ನಡುವೆ ಉಣ್ಣೆ, ಹೊರಗೆ ಗಾಳಿಮಳೆ ತಡೆಯುವ ಕವಚ, ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟ ಒಂದು ಜೊತೆ ಒಣಬಟ್ಟೆ ಇರಬೇಕು. ದಾರಿಯಲ್ಲಿ ಬೆಲ್ಲ, ಕೊಬ್ಬರಿ, ಕಡಲೆಕಾಯಿ ಮೆಲ್ಲುತ್ತಿರಬೇಕು. ನಡುಗಲು ಕೂಡ ಇಂಧನ ಬೇಕು. ಏಕಾದಶಿ ಉಪವಾಸವನ್ನು ದೇವರು ಮೈಲಾಪುರದಲ್ಲಿಯೂ ಒಪ್ಪಿಕೊಳ್ಳುತ್ತಾನೆ. ಇಬ್ಬಿಬ್ಬರು ಜೊತೆಯಾಗಿ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳುತ್ತ ನಡೆಯಬೇಕು. ಜೊತೆಗಾರನ ಮಾತು ತೊದಲಿದರೆ, ಆತ ಸಾಲಿನಿಂದ ಹಿಂದೆ ಬಿದ್ದು ಕುಳಿತರೆ, ಮುಂದಿನ ಶಿಬಿರ ಎಷ್ಟು ಹತ್ತಿರವಿದ್ದರೂ ಅಲ್ಲಿಯೇ ಗಾಳಿಯ ಮರೆ ಹುಡುಕಿ ಒಣಬಟ್ಟೆ ತೊಡಿಸತಕ್ಕದ್ದು. ಮೋಡ ಕಂಡಾಗ ಹಿಂದಿರುಗುವ ನಿರ್ಧಾರವನ್ನು, ಆರೇಳು ಸಾವಿರ ಖರ್ಚು ಮಾಡಿ ಬಂದಿದ್ದೇವೆಂಬ ಲೆಕ್ಕದಿಂದ ಮುಂದೂಡಬಾರದು.

ಇಲ್ಲಿಯೇ ಉಳಿಯುವವರು ಐಪ್ಪಸಿ ತಿಂಗಳ ಮಳೆಗೆ ಮುನ್ನ ಅಟ್ಟದ ಕಂಬಳಿಯನ್ನು ಇಳಿಸಿ, ಬಿಸಿಲಿಗೆ ಹಾಕಿ, ಒಂದು ಒಣ ಪಂಚೆ, ಒಂದು ಸ್ವೆಟರ್, ರಬ್ಬರಿನ ಬಿಸಿನೀರ ಚೀಲ, ಹಿರಿಯರ ಗುಳಿಗೆಗಳ ಹದಿನೈದು ದಿನದ ದಾಸ್ತಾನು, ಇವಿಷ್ಟನ್ನು ಒಂದು ಗಂಟಾಗಿ ಕಟ್ಟಿ ಮೇಲಿನ ಮನೆಯವರಲ್ಲಿ ಇಟ್ಟಿರಬೇಕು. ಆಂಬುಲೆನ್ಸಿನ ಸಂಖ್ಯೆ ಕರ್ನಾಟಕದಲ್ಲಿರುವಂತೆ ಇಲ್ಲಿಯೂ 108. ಮಾಸ್ತರ ಮಗ ತಂದೆಯ ನೆನಪಿಗೆ, ಅಂದರೆ ಅವರು ಉಳಿದ ನೆನಪಿಗೆ, 25 ಡಿಗ್ರಿಯಿಂದಲೇ ಅಳೆಯಬಲ್ಲ ಒಂದು ಥರ್ಮಾಮೀಟರನ್ನೂ ಎರಡು ಕಂಬಳಿಗಳನ್ನೂ ನಮ್ಮ ಸಂಘಕ್ಕೆ ಕೊಟ್ಟಿದ್ದಾರೆ. ಅವು ಕಾರ್ಯಾಲಯದ ಎಡಗಡೆಯ ಕಪಾಟಿನಲ್ಲಿವೆ. ಬೀಗದ ಕೈ ಕಾವಲುಗಾರನ ಬಳಿ ಇರುತ್ತದೆ. ಯಾವ ಹೊತ್ತಿನಲ್ಲಾದರೂ ಕೇಳಿ ಪಡೆಯಬಹುದು.